ಮಗು ತುಂಬಿಸಿಟ್ಟ ನೀರು

ಗಣಪತಿ ಹಬ್ಬ ಮುಗಿದು ಮಳೆ ಸ್ವಲ್ಪ ಹಿಂದಕ್ಕೆ ಸರಿಯುವ ಈ ದಿನಗಳಲ್ಲಿ ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಯಾರು ಎದುರಾದರೂ ಕೇಳುವುದು ಒಂದೇ ಮಾತು: "ನಿಮ್ಮನೇಲಿ ಯಾರ್ಗಾದ್ರೂ ಜ್ವರ ಬಂತಾ?" ಊಟ ಆಯಿತಾ ಎಂದು ಕೇಳುವಷ್ಟು ಸಲೀಸಾಗಿ ಕೇಳುತ್ತಾರೆ. ಔಷಧಿ ಅಂಗಡಿಯ ಮುಂದೆ ಸಾಲು, ರಕ್ತ ಪರೀಕ್ಷೆ ಮಾಡುವ ಕಡೆ ಸಾಲು. ಪಪಾಯ ಗಿಡ ಇರುವ ಮನೆಯವರಿಗಂತೂ ಎಲೆ ಕೇಳಿ ಬರುವವರ ಕಾಟ.

ನಾನು ಶಿವನಂಜಮ್ಮ. ನಮ್ಮ ಮಹಿಳಾ ಸಂಘದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ನನಗೆ ಮಾತು ಸ್ವಲ್ಪ ಜಾಸ್ತಿ ಎಂದು ಸಂಘದಲ್ಲಿ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಮಾತಾಡಲೇಬೇಕಾಗಿದ್ದ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಕೇಳಿದ ಮೇಲೆ ಬೈಯುವುದಿದ್ದರೆ ಬೈಯಿರಿ.

ನಮ್ಮ ಎದುರು ಮನೆ ಕೃಷ್ಣಪ್ಪನವರದು. ಬೀದಿ ಕಿರಿದು, ಒಂದು ತಾರಸಿಯಲ್ಲಿ ಮೆಲ್ಲಗೆ ಆಡಿದ ಮಾತೂ ಇನ್ನೊಂದಕ್ಕೆ ಕೇಳುತ್ತದೆ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಬಸ್ಸಿನಿಂದ ಇಳಿದರೂ ಅವರ ಗಂಟಲು ಇನ್ನೂ ಇಳಿದಿಲ್ಲ, ಪಕ್ಕದಲ್ಲಿ ನಿಂತವರ ಜೊತೆಯಲ್ಲೂ ಕೊನೆಯ ಸೀಟಿಗೆ ಕೇಳುವ ಹಾಗೆ ಮಾತಾಡುತ್ತಾರೆ. ಅವರ ಹೆಂಡತಿ ಸರೋಜಮ್ಮ, ಮಗ ಸ್ವರೂಪ್, ಸೊಸೆ ಕೀರ್ತಿ. ಮೊಮ್ಮಗಳು ಸಿಂಚನ ಇದ್ದಳು. ಹೋದ ವರ್ಷ ಇದೇ ಭಾದ್ರಪದದಲ್ಲಿ ಡೆಂಗಿ ಜ್ವರ ಬಂದು ತೀರಿಕೊಂಡಳು. ಒಂಬತ್ತು ವರ್ಷದ ಮಗು. ಸೋಮವಾರ ಮೈ ಬಿಸಿಯಾಯಿತು, ಮುಂದಿನ ಭಾನುವಾರದ ಹೊತ್ತಿಗೆ ಇರಲಿಲ್ಲ.

ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಶಾಲೆಯಲ್ಲಿ ಹಕ್ಕಿಗಳಿಗೆ ನೀರಿಡಿ ಎಂದು ಹೇಳಿಕೊಟ್ಟಿದ್ದರು. ಸಿಂಚನ ಅಜ್ಜಿಯನ್ನು ಕಾಡಿಸಿ ದೇವರಾಜ ಮಾರುಕಟ್ಟೆಯ ಕಡೆಗೆ ಕರೆದುಕೊಂಡು ಹೋಗಿ ಒಂದು ಮಣ್ಣಿನ ಬೋಗುಣಿ ಕೊಡಿಸಿಕೊಂಡಳು. ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಇಟ್ಟಳು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ದಿನ ಎತ್ತಿಕೊಂಡು ಬಂದಿದ್ದ ಒಂದು ಕಲ್ಲನ್ನು ಬೋಗುಣಿಯ ಮಧ್ಯಕ್ಕೆ ಇಟ್ಟಳು. "ಸಣ್ಣ ಹಕ್ಕಿ ಕೂತ್ಕೊಂಡು ಕುಡೀಲಿ ಅಜ್ಜಿ, ಮುಳುಗ್‌ಬಾರ್ದು" ಎಂದಳಂತೆ. ಜ್ವರ ಬಂದ ಆ ಸೋಮವಾರ ಬೆಳಿಗ್ಗೆಯೂ ಬೋಗುಣಿಗೆ ನೀರು ತುಂಬಿಸಿಯೇ ಬಂದು ಮಲಗಿದ್ದಳು.

ಸರೋಜಮ್ಮ ಆ ನೀರನ್ನು ಚೆಲ್ಲಲೇ ಇಲ್ಲ.

ಚೆಲ್ಲಲಿಲ್ಲ, ಒಣಗುವುದಕ್ಕೂ ಬಿಡಲಿಲ್ಲ. ದಿನಾ ಸಂಜೆ ಒಂದು ಚೊಂಬು ನೀರು ತಂದು ಮೇಲಿನಿಂದ ಮೆಲ್ಲಗೆ ಹಾಕುತ್ತಿದ್ದರು. ನಾನು ಒಣಗಿದ ಬಟ್ಟೆ ತೆಗೆಯಲು ನಮ್ಮ ತಾರಸಿಗೆ ಹೋದಾಗಲೆಲ್ಲ ಕಾಣುತ್ತಿತ್ತು. ಒಂದು ದಿನ ಅವರೇ ಹೇಳಿದರು. "ಕೆಳಗಡೆ ಇರೋದು ಅವಳ ನೀರು, ಮೇಲಿಂದು ನಂದು ಕಣೆ ಶಿವನಂಜಿ. ಅವಳ ಕೈಲಿ ತುಂಬಿದ್ದು ಬತ್ತಬಾರ್ದು." ನನ್ನ ಕಣ್ಣು ತುಂಬಿ ಬಂತು. ಹೂಂ ಎಂದು ಬಟ್ಟೆ ಮಡಚಿಕೊಂಡು ಇಳಿದುಬಿಟ್ಟೆ.

ಒಂದು ವರ್ಷ ಹೀಗೇ ಕಳೆಯಿತು. ಈ ವರ್ಷ ಕೀರ್ತಿ ಮತ್ತೆ ಬಸುರಿ. ಏಳು ತಿಂಗಳು ತುಂಬಿತ್ತು. ಆ ಮನೆಯಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಸಂಭ್ರಮಿಸಲಿಲ್ಲ, ಕೃಷ್ಣಪ್ಪನವರು ಕೂಡ ಆ ವಿಷಯ ಬಂದರೆ ದನಿ ತಗ್ಗಿಸುತ್ತಿದ್ದರು. ಎಲ್ಲರಿಗೂ ಒಳಗೊಳಗೇ ಹೆದರಿಕೆ.

ನಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ ನಯನಾ. ಮೂವತ್ತರ ಹುಡುಗಿ, ಬಿಡುವಿಲ್ಲದ ಕೆಲಸ. ಕೀರ್ತಿಯನ್ನು ನೋಡಲು ವಾರ ವಾರ ಬರುತ್ತಾಳೆ. ಆ ಶುಕ್ರವಾರ ಬಂದಾಗ ನಾನೂ ಅಲ್ಲೇ ಜಗುಲಿಯ ಮೇಲೆ ಕೂತಿದ್ದೆ. ಕೀರ್ತಿಯ ತೂಕ, ರಕ್ತದೊತ್ತಡ ನೋಡಿ ಬರೆದುಕೊಂಡ ಮೇಲೆ ಅವಳು ಮನೆಯನ್ನೆಲ್ಲ ಒಂದು ಸುತ್ತು ಹಾಕಿದಳು.

"ಅಮ್ಮ, ತೊಟ್ಟಿ ನೋಡ್ದೆ, ಡ್ರಮ್ ನೋಡ್ದೆ, ಫ್ರಿಜ್ ಹಿಂದಿನ ತಟ್ಟೆನೂ ನೋಡ್ದೆ. ಎಲ್ಲಾ ಚೆನ್ನಾಗಿಟ್ಟಿದ್ದೀರ. ತಾರಸಿ ಒಂದು ನೋಡ್ಕೊಂಡು ಹೊರಟ್ಬುಡ್ತೀನಿ" ಎಂದಳು.

"ಮೇಲೇನೈತೆ? ಬಟ್ಟೆ ಒಣಗಾಕೋ ತಂತಿ ಅಷ್ಟೇಯ. ಬೀಗದ ಕೈ ಸ್ವರೂಪ ತಗೊಂಡೋಗವ್ನೆ" ಎಂದರು ಸರೋಜಮ್ಮ.

ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ನನಗೆ ಕಾಣುತ್ತಿತ್ತು. ಸರೋಜಮ್ಮ ನನ್ನ ಮುಖ ನೋಡಿದರು. ನಾನು ಬೀದಿಯ ಕಡೆಗೆ ತಿರುಗಿ ಕೂತೆ.

ಅಷ್ಟರಲ್ಲಿ ಕೃಷ್ಣಪ್ಪನವರು ಒಳಗಿನಿಂದ ಒಂದು ಕಾಗದ ಹಿಡಿದುಕೊಂಡು ಬಂದರು. "ನೋಡಮ್ಮ ನಯನಾ, ಹಿಂಗೆ ಮನೆ ಮನೆ ತೊಟ್ಟಿ ಬಗ್ಗಿ ನೋಡಿದ್ರೆ ಏನೂ ಸಿಗಲ್ಲ ಬುಡು. ಸೊಳ್ಳೆ ಎಲ್ಲಾ ಬರೋದು ಕೆರೆಯಿಂದ. ಆ ಜೊಂಡು, ಆ ಹುಳ ಹುಪ್ಪಟೆ, ಆ ಹಕ್ಕಿ ಹಿಕ್ಕೆ! ಕೆರೆಗೇ ಔಷಧಿ ಹೊಡೆಸ್ಬೇಕು, ದಡದ ಜೊಂಡೆಲ್ಲ ಕಿತ್ತಾಕ್ಸ್‌ಬೇಕು. ಅರ್ಜಿ ಬರ್ದಿದ್ದೀನಿ. ಬೀದಿಯೋರ್‌ದೆಲ್ಲ ಸಹಿ ಹಾಕಿಸ್ತಾ ಇದ್ದೀನಿ. ನೀನೂ ಒಂದು ಹಾಕು."

ನಯನಾ ಕಾಗದವನ್ನು ಪೂರ್ತಿ ಓದಿದಳು. "ಸರ್, ನೀವು ಕೆರೆ ಹತ್ರ ಹೋಗಿ ಎಷ್ಟು ದಿನ ಆಯ್ತು?"

"ಕೆರೆ ಹತ್ರ ಯಾಕೋಗ್ಲಿ? ವಾಸನೆ ಇಲ್ಲಿಗೇ ಬತ್ತದಲ್ಲ."

"ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಸಂಘದೋರ್ನ ಲಿಂಗಾಂಬುಧಿ ಕೆರೆಗೆ ಕರ್ಕೊಂಡು ಹೋಗ್ತಿದ್ದೀನಿ. ಹಕ್ಕಿ ನೋಡೋದು, ಹುಳ ನೋಡೋದು, ಒಂದು ಸುತ್ತು ನಡೆಯೋದು. ನೀವೂ ಬನ್ನಿ. ಸೊಳ್ಳೆ ಎಲ್ಲಿದೆ ಅಂತ ನೀವೇ ನನಗೆ ತೋರ್ಸಿ. ತೋರ್ಸಿದ್ರೆ ನಾನೂ ಸಹಿ ಹಾಕ್ತೀನಿ."

"ಬತ್ತೀನಿ ಬುಡು. ನನಗೆ ದಾರಿ ತೋರ್ಸೋರು ಇನ್ನೂ ಹುಟ್ಟಿಲ್ಲ" ಎಂದರು ಕೃಷ್ಣಪ್ಪನವರು.

ಆಗ ಸರೋಜಮ್ಮ ಮೆಲ್ಲಗೆ ಹೇಳಿದರು. "ನಾನೂ ಬತ್ತೀನಿ. ಕೆರೆಗೆ ಕರ್ಕೊಂಡೋಗಜ್ಜಿ, ಹಕ್ಕಿ ತೋರ್ಸಜ್ಜಿ ಅಂತ ಆ ಮಗಿ ಎಷ್ಟು ಗೋಗರೀತಿತ್ತು. ಮಂಡಿನೋವು ಅಂತ ಮುಂದಕ್ಕೆ ಹಾಕ್ಕೊಂಡೇ ಬಂದ್ಬುಟ್ಟೆ."

ನಯನಾ ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ಹೊರಟಳು.

ಭಾನುವಾರ ಬೆಳಿಗ್ಗೆ ಆಕಾಶ ಮುಚ್ಚಿಕೊಂಡಿತ್ತು. ಬೆಟ್ಟ ಕಾಣುತ್ತಿರಲಿಲ್ಲ, ಇರುವ ಜಾಗದಲ್ಲಿ ಬರೀ ಮೋಡ. ನಾವು ಒಂಬತ್ತು ಜನ ಹೊರಟೆವು. ನಯನಾಳ ಅಣ್ಣ ಪ್ರಸನ್ನ ಕೆರೆಯ ಕಾವಲುಗಾರ. ಹಕ್ಕಿಗಳ ಹೆಸರನ್ನು ಅವನಿಂದಲೇ ಕಲಿತದ್ದು ಎಂದು ನಯನಾ ಹೇಳಿದಳು. ನಮಗೋ, ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಮೊದಲು ಕಂಡದ್ದು ನೀರುಕಾಗೆ. ಒಣ ಕೊಂಬೆಯ ಮೇಲೆ ಎರಡೂ ರೆಕ್ಕೆ ಹರಡಿಕೊಂಡು, ತಂತಿಯ ಮೇಲೆ ಹಾಕಿದ ಬಟ್ಟೆಯ ಹಾಗೆ ನಿಂತಿತ್ತು. ಆಮೇಲೆ ಬೆಳ್ಳಕ್ಕಿ, ಮಿಂಚುಳ್ಳಿ. ನೀರಿನ ಮೇಲೆ ತೀರ ಕೆಳಗೆ ಸಣ್ಣ ಹಕ್ಕಿಗಳು ಅತ್ತಿಂದಿತ್ತ ಬಾಯಿ ತೆರೆದುಕೊಂಡೇ ಹಾರುತ್ತಿದ್ದವು.

"ಅವು ಏನು ಮಾಡ್ತಾ ಇವೆ ಹೇಳಿ ಸರ್" ಎಂದು ನಯನಾ ಕೇಳಿದಳು.

"ಆಟ ಆಡ್ತವೆ."

"ತಿಂಡಿ ತಿಂತಿವೆ. ಹಾರೋ ಸೊಳ್ಳೆ, ನೊಣ ಎಲ್ಲಾ ಅವುಕ್ಕೆ ಆಹಾರ. ಬೆಳಿಗ್ಗೆಯಿಂದ ಸಂಜೆವರ್ಗೂ ಇದೇ ಕೆಲಸ."

ದಾರಿಯ ಮೇಲೆ ಒಂದು ಸಣ್ಣ ಹಕ್ಕಿ ಬಾಲ ಮೇಲೆ ಕೆಳಗೆ ಕುಣಿಸುತ್ತ ನಮ್ಮ ಮುಂದೆ ಮುಂದೆ ಓಡಿತು. ಬೂದು ಬೆನ್ನು, ಹಳದಿ ಹೊಟ್ಟೆ. ನಯನಾ ಕೈ ಅಡ್ಡ ಹಿಡಿದು ನಮ್ಮನ್ನೆಲ್ಲ ನಿಲ್ಲಿಸಿದಳು. "ಇದು ಕುಂಡೆಕುಸ್ಕ. ಈಗಷ್ಟೇ ಬಂದಿದೆ. ಹಿಮಾಲಯದ ಕಡೆಯಿಂದ ಬರ್ತದಮ್ಮ ಇದು. ಪ್ರತಿ ವರ್ಷ ಗಣಪತಿ ಹಬ್ಬ ಮುಗಿಯೋ ಹೊತ್ಗೆ ಬಂದ್ಬುಡುತ್ತೆ, ಬೇಸಿಗೇಲಿ ವಾಪಸ್ ಹೋಗುತ್ತೆ."

"ಅಷ್ಟು ದೂರ ಹೋಗಿದ್ದು ತಿರ್ಗಾ ಬತ್ತದಾ?" ಸರೋಜಮ್ಮ ಕೇಳಿದರು.

"ಬರುತ್ತೆ ಅಮ್ಮ."

ಸರೋಜಮ್ಮ ಆ ಹಕ್ಕಿಯನ್ನೇ ನೋಡುತ್ತ ನಿಂತುಬಿಟ್ಟರು. ನಾವು ಮುಂದೆ ಹೋದರೂ ಅವರು ಹಿಂದೆಯೇ ಇದ್ದರು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಜೊಂಡಿನ ಹತ್ತಿರ ಏರೋಪ್ಲೇನ್ ಚಿಟ್ಟೆಗಳು ನೂರಾರು ಹಾರುತ್ತಿದ್ದವು. ಚಿಕ್ಕಂದಿನಲ್ಲಿ ಅವುಗಳ ಬಾಲಕ್ಕೆ ದಾರ ಕಟ್ಟಿ ಆಡಿಸಿದವಳು ನಾನು. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ನಯನಾ ಚೀಲದಿಂದ ಒಂದು ಬಿಳಿ ಡಬ್ಬಿ ತೆಗೆದು ಜೊಂಡಿನ ಬುಡದಲ್ಲಿ ಮುಳುಗಿಸಿ ನೀರು ತುಂಬಿಕೊಂಡಳು.

"ಈಗ ಸೊಳ್ಳೆ ಮರಿ ತೋರ್ಸಿ ಸರ್."

ಕೃಷ್ಣಪ್ಪನವರು ಕನ್ನಡಕ ಏರಿಸಿ ಬಗ್ಗಿದರು. ಎರಡು ಸಣ್ಣ ಹುಳ ನೀರಿನಲ್ಲಿ ಕುಂಟುತ್ತ ಕುಣಿಯುತ್ತಿದ್ದವು. "ಇಲ್ವಾ ಮತ್ತೆ! ನಾನೇನಂದೆ!" ಎಂದು ಕೂಗಿದರು. ಅವರ ಬೆರಳು ಇನ್ನೂ ಡಬ್ಬಿಯ ಮೇಲೆಯೇ ಇತ್ತು. ಡಬ್ಬಿಯ ತಳದಲ್ಲಿ ಕೆಸರಿನ ಬಣ್ಣದ, ದಪ್ಪ ಕಣ್ಣಿನ ಒಂದು ಹುಳ ಅಲ್ಲಾಡದೆ ಕೂತಿತ್ತು. ಅದರ ಬಾಯಿ ಒಂದು ಸಲ ಚಾಚಿ ಒಳಗೆ ಹೋಯಿತು. ಎರಡರಲ್ಲಿ ಒಂದು ಸೊಳ್ಳೆ ಮರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದೂ ಇರಲಿಲ್ಲ.

"ಇದೇನು ರಾಕ್ಷಸ?" ಎಂದೆ ನಾನು.

"ಏರೋಪ್ಲೇನ್ ಚಿಟ್ಟೆ ಮರಿ. ನೀರಲ್ಲೇ ಬೆಳೆಯೋದು. ನೀರಲ್ಲಿದ್ದಾಗ ಸೊಳ್ಳೆ ಮರಿ ತಿನ್ನುತ್ತೆ, ರೆಕ್ಕೆ ಬಂದ್ಮೇಲೆ ಸೊಳ್ಳೆ ತಿನ್ನುತ್ತೆ. ಮೀನು ಬೇರೆ ಇವೆ. ಕೆರೆಗೆ ಔಷಧಿ ಹೊಡೆದ್ರೆ ಮೊದ್ಲು ಸಾಯೋದು ಇವೇ ಸರ್. ಸೊಳ್ಳೆ ಒಂದು ವಾರದಲ್ಲಿ ತಿರ್ಗಾ ಹುಟ್ಟುತ್ತೆ, ಇವು ಅಷ್ಟು ಬೇಗ ಹುಟ್ಟಲ್ಲ. ಆಮೇಲೆ ತಿನ್ನೋರೇ ಇರಲ್ಲ."

ಕೃಷ್ಣಪ್ಪನವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು.

ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ಹೊಂಗೆ ಮರದ ಕೆಳಗೆ ಯಾರೋ ಕುಡಿದು ಎಸೆದ ಎಳನೀರು ಬುರುಡೆ ಬಿದ್ದಿತ್ತು. ಮಳೆ ನೀರು ತುಂಬಿತ್ತು. ನೋಡಲು ಶುದ್ಧವಾದ ನೀರು. ನಯನಾ ಅದನ್ನು ಬಿಳಿ ಡಬ್ಬಿಗೆ ಬಗ್ಗಿಸಿದಳು. ನಮಗೆಲ್ಲ ಮೈ ಝುಂ ಎಂದಿತು. ಒಂದೆರಡಲ್ಲ, ನೀರೇ ಕುದಿಯುತ್ತಿದ್ದ ಹಾಗೆ ಹುಳ.

"ಇದು ಡೆಂಗಿ ತರೋ ಸೊಳ್ಳೆ ಮರಿ" ಎಂದಳು ನಯನಾ. "ಇದಕ್ಕೆ ಕೆರೆ ಬೇಡ, ಮೋರಿ ಬೇಡ. ಒಂದು ಲೋಟ ನಿಂತ ನೀರು ಸಾಕು. ಈ ಬುರುಡೆ ಒಳಗೆ ಮೀನು ಬರಲ್ಲ, ಹಕ್ಕಿ ಬರಲ್ಲ. ಕೇಳೋರಿಲ್ಲ. ಈ ಸೊಳ್ಳೆ ಕಚ್ಚೋದೂ ಹಗಲಲ್ಲೇ."

ಕೃಷ್ಣಪ್ಪನವರು ಕೇಳಿದರು, ಈ ಸಲ ಸಣ್ಣ ದನಿಯಲ್ಲಿ. "ನೀರು ಚೆಲ್ಬುಟ್ರೆ ಆಯ್ತಾ?"

"ಚೆಲ್ಲೋದು ಮಾತ್ರ ಸಾಲ್ದು ಸರ್, ಉಜ್ಜಬೇಕು. ಇದು ಮೊಟ್ಟೆ ಇಡೋದು ನೀರಿಗಿಂತ ಸ್ವಲ್ಪ ಮೇಲೆ, ಪಾತ್ರೆ ಗೋಡೆಗೆ. ಅಂಟ್ಕೊಂಡು ತಿಂಗಳುಗಟ್ಲೆ ಒಣಗಿದ್ರೂ ಸಾಯಲ್ಲ. ಮೇಲೆ ಮತ್ತೆ ನೀರು ಬಿತ್ತು ಅಂದ್ರೆ ಒಡೆದು ಮರಿ ಆಗುತ್ತೆ."

ನಾನು ಸರೋಜಮ್ಮನ ಕಡೆ ನೋಡಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಚೆಲ್ದೆ, ದಿನಾ ಮೇಲೆ ಮೇಲೆ ಒಂದೊಂದು ಚೊಂಬು ಹಾಕ್ತಾ ಇದ್ರೆ?" ಎಂದು ಕೇಳಿದರು.

ಪಾಪ, ನಯನಾಗೆ ಏನು ಗೊತ್ತು. "ಅದಕ್ಕಿಂತ ಬೇರೆ ಬೇಕಾ ಅಮ್ಮ? ಆ ಮೊಟ್ಟೆಗಳ್ನ ದಿನಾ ನಾವೇ ಎಬ್ಬಿಸ್ದಂಗೆ" ಎಂದುಬಿಟ್ಟಳು.

ಸರೋಜಮ್ಮ ಅಲ್ಲಿದ್ದ ಕಲ್ಲು ಬೆಂಚಿನ ಮೇಲೆ ಕೂತರು. ಮಂಡಿನೋವು ಎಂದರು. ಉಳಿದ ನಡಿಗೆ ಅವರಿಲ್ಲದೆ ಮುಗಿಯಿತು. ಪಾತರಗಿತ್ತಿ ನೋಡಿದೆವು, ನೀರಿನ ಮೇಲೆ ಕಾಲೂರಿ ಓಡುವ ಹುಳ ನೋಡಿದೆವು. ನನಗಂತೂ ಏನೂ ಮನಸ್ಸಿಗೆ ಹತ್ತಲಿಲ್ಲ. ವಾಪಸು ಬರುವಾಗ ಕೃಷ್ಣಪ್ಪನವರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡರು. ಮತ್ತೆ ಅದು ಹೊರಗೆ ಬಂದದ್ದನ್ನು ನಾನು ನೋಡಿಲ್ಲ.

ಆ ಸಂಜೆ ನಮ್ಮ ತಾರಸಿಗೆ ಹೋದೆ. ಸರೋಜಮ್ಮ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಚೊಂಬು. ಇವತ್ತು ಚೆಲ್ಲುತ್ತಾರೆ ಎಂದುಕೊಂಡೆ. ಅವರು ಬೋಗುಣಿಯ ಅಂಚಿಗೆ ಕೈ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಕೊನೆಗೆ ಎದ್ದರು.

"ಸರೋಜಕ್ಕ, ಆ ನೀರು..." ಎಂದೆ.

"ಗೊತ್ತು ಕಣೆ. ನಂಗೂ ಕಿವಿ ಐತೆ. ಪಿತೃಪಕ್ಷ ಬತ್ತಾ ಐತಲ್ಲ, ಅಮಾಸೆ ದಿನ ಮಗೀಗೆ ಎಡೆ ಇಕ್ಕಿ, ಕೈ ಮುಗ್ದು, ಆಮೇಲೆ ತೆಗ್ದುಬುಡ್ತೀನಿ. ಒಂದ್ಸಲ ಚೆಲ್ಬುಟ್ರೆ ಅವಳ್ದು ಅಂತ ಇನ್ನೇನೈತೆ ಹೇಳು. ಅಲ್ಲೀಗಂಟ ಸುಮ್ಕಿರು. ನಯನಂಗೆ ಹೇಳ್ಬ್ಯಾಡ."

ಸಂಕಟದಲ್ಲಿರುವವರ ಜೊತೆ ಏನು ವಾದ ಮಾಡುವುದು ಎಂದುಕೊಂಡೆ. ಆ ಹೊತ್ತಿಗೆ ಅದು ದೊಡ್ಡತನ ಅನ್ನಿಸಿತ್ತು. "ಆಯ್ತು ಬುಡಕ್ಕ" ಎಂದು ಇಳಿದು ಬಂದೆ. ದಿನಾ ಸಂಜೆ ನೋಡುತ್ತಿದ್ದೆ. ಒಂದು ದಿನ, ಎರಡು ದಿನ, ಐದು ದಿನ. ಕೆಳಗೆ ಕೀರ್ತಿ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿರುವುದೂ ಕಾಣುತ್ತಿತ್ತು. ಹನ್ನೊಂದು ದಿನ ನಾನು ಸುಮ್ಮನಿದ್ದೆ.

ಹನ್ನೆರಡನೆಯ ದಿನ ಕೀರ್ತಿಗೆ ಜ್ವರ ಬಂತು.

ಕಣ್ಣಿನ ಹಿಂದೆ ನೋವು, ಮೈಕೈ ನೋವು, ವಾಂತಿ. ನಯನಾ ಬಂದವಳೇ, "ಅಂಗಡಿಯಿಂದ ನೋವಿನ ಮಾತ್ರೆ ಯಾವ್ದೂ ತಂದು ಕೊಡ್ಬೇಡಿ, ಈಗಲೇ ಆಸ್ಪತ್ರೆಗೆ ನಡೀರಿ" ಎಂದು ಆಟೋ ಹತ್ತಿಸಿದಳು. ಡೆಂಗಿ ಎಂದು ಪರೀಕ್ಷೆಯಲ್ಲಿ ಬಂತು. ಪ್ಲೇಟ್‌ಲೆಟ್ ಇಳಿಯುತ್ತಿದೆ, ಹೊಟ್ಟೆಯಲ್ಲಿ ಮಗು ಬೇರೆ ಇದೆ, ಎರಡು ದಿನ ಕಳೆಯದೆ ಏನೂ ಹೇಳಲಾಗದು ಎಂದರು ವೈದ್ಯರು. ಹೋದ ವರ್ಷವೂ ಇದೇ ಮಾತು ಕೇಳಿದ್ದ ಸ್ವರೂಪ್ ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ.

ಮರುದಿನ ಬೆಳಿಗ್ಗೆ ಸರೋಜಮ್ಮ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ತಾರಸಿಯ ಬೀಗದ ಕೈ. "ನಯನನ್ನ ಕರ್ಸು" ಎಂದರು. ಅಷ್ಟೇ.

ನಾವು ನಾಲ್ಕು ಜನ ಮೇಲೆ ಹತ್ತಿದೆವು, ಸರೋಜಮ್ಮ, ಕೃಷ್ಣಪ್ಪನವರು, ನಯನಾ, ನಾನು. ಬೋಗುಣಿಯ ನೀರು ಹಸಿರು ತಿರುಗಿತ್ತು. ನಯನಾ ಮಂಡಿಯೂರಿ ಬಗ್ಗಿ ನೋಡಿದಳು. ನಮಗೂ ಕಂಡಿತು. ಎಳನೀರು ಬುರುಡೆಯಲ್ಲಿ ಕಂಡದ್ದೇ ಇಲ್ಲೂ. ಸಿಂಚನ ಇಟ್ಟ ಕಲ್ಲಿನ ಸುತ್ತ ಅವು ಏಳುತ್ತ ಇಳಿಯುತ್ತ ಇದ್ದವು. ಒಳಗಿನ ಗೋಡೆಯ ತುಂಬ ಎಳ್ಳಿಗಿಂತ ಸಣ್ಣ ಕರಿ ಚುಕ್ಕೆಗಳು, ಸಾಲು ಸಾಲಾಗಿ.

"ನಿಜ ಹೇಳ್ಬುಡು ಮಗ" ಎಂದರು ಸರೋಜಮ್ಮ. ಅವರ ದನಿ ನಡುಗುತ್ತಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಹೋದ ವರ್ಷಾನೂ ಈ ಬೋಗುಣಿ ಇಲ್ಲೇ ಇತ್ತು. ನಾನೇ ಕೊಡಿಸಿದ್ದು. ನನ್ ಮಗೀನ ತಿಂದಿದ್ದು ಇದೇಯಾ?"

ನಯನಾ ಬೋಗುಣಿಯಿಂದ ಕಣ್ಣೆತ್ತಿ ಅವರ ಮುಖ ನೋಡಿದಳು. ಆಮೇಲೆ ಹೇಳಿದಳು. "ಗೊತ್ತಿಲ್ಲ ಅಮ್ಮ. ಇದೂ ಇರ್ಬಹುದು. ಖಾಲಿ ಸೈಟಲ್ಲಿರೋ ಟೈರ್ ಇರ್ಬಹುದು. ಎದುರು ಮನೆ ಹೂಕುಂಡದ ತಟ್ಟೆ ಇರ್ಬಹುದು. ಯಾರೂ ಹೇಳಕ್ಕಾಗಲ್ಲ. ಇಲ್ಲ ಅಂತ ನಿಮಗೆ ಸುಳ್ಳು ಹೇಳಕ್ಕೂ ನನ್ನಿಂದ ಆಗಲ್ಲ."

ಎದುರು ಮನೆ ಎಂದರೆ ನಮ್ಮದು. ನನ್ನ ತುಳಸಿ ಕುಂಡದ ಕೆಳಗಿನ ತಟ್ಟೆ ನೆನಪಾಯಿತು.

ನಯನಾ ಬೋಗುಣಿಗೆ ಕೈ ಹಾಕಲು ಹೋದಳು. ಸರೋಜಮ್ಮ ಅಡ್ಡ ಬಂದರು. ಎಲ್ಲ ಗೊತ್ತಿದ್ದೂ ಅಡ್ಡ ಬಂದರು. "ಅವಳ ನೀರು" ಎಂದರು. ಮತ್ತೆ ಮತ್ತೆ ಅದೊಂದೇ ಮಾತು.

ಆಗ ಮಾತಾಡಿದವರು ಕೃಷ್ಣಪ್ಪನವರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ. "ಸರೋಜ, ಮಗಿ ಇದ್ನ ಇಟ್ಟಿದ್ದು ನಿಂಗಲ್ಲ, ನಂಗಲ್ಲ. ಹಕ್ಕಿಗೆ. ಇದ್ರಲ್ಲಿ ಹಕ್ಕಿ ನೀರು ಕುಡ್ದು ಎಷ್ಟು ದಿನ ಆಯ್ತು ಹೇಳು."

ನಿಜ. ನೀರು ಹಸಿರಾದ ಮೇಲೆ ಒಂದು ಹಕ್ಕಿಯೂ ಅದರ ಹತ್ತಿರ ಸುಳಿದಿರಲಿಲ್ಲ. ದಿನಾ ನೋಡುತ್ತಿದ್ದ ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಸರೋಜಮ್ಮ ಬಹಳ ಹೊತ್ತು ನಿಂತಿದ್ದರು. ಆಮೇಲೆ ತಾವೇ ಬಗ್ಗಿ ಕಲ್ಲನ್ನು ತೆಗೆದು ಮಡಿಲಿಗೆ ಹಾಕಿಕೊಂಡರು. ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. "ಮೋರಿಗೆ ಬೇಡಮ್ಮ, ಅಲ್ಲಿ ಬದುಕ್ಬುಡ್ತವೆ. ಒಣ ಮಣ್ಣಿಗೆ ಹಾಕಿ" ಎಂದಳು ನಯನಾ. ಹಿತ್ತಿಲಿನ ನುಗ್ಗೆ ಮರದ ಬುಡದಲ್ಲಿ ಸರೋಜಮ್ಮ ಬೋಗುಣಿ ಬಗ್ಗಿಸಿದರು. ಮಣ್ಣು ನೀರು ಕುಡಿಯಿತು. ಹುಳಗಳು ಸ್ವಲ್ಪ ಹೊತ್ತು ಒದ್ದಾಡಿ ನಿಂತವು. ಅವು ನಿಲ್ಲುವವರೆಗೂ ಸರೋಜಮ್ಮ ಕಣ್ಣು ತೆಗೆಯಲಿಲ್ಲ. ಆಮೇಲೆ ನಾರು, ಸೋಪಿನ ಪುಡಿ ತೆಗೆದುಕೊಂಡು ಉಜ್ಜಲು ಕೂತರು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಆ ಕರಿ ಚುಕ್ಕೆ ಹೋಗುವ ತನಕ ಉಜ್ಜಿದರು, ಹೋದ ಮೇಲೂ ಉಜ್ಜಿದರು. ಅಳು ಆಗ ಬಂತು.

ನಾನು ಓಡಿ ನಮ್ಮ ಮನೆಗೆ ಹೋಗಿ ತುಳಸಿ ಕುಂಡ ಎತ್ತಿ ನೋಡಿದೆ. ತಟ್ಟೆಯಲ್ಲಿ ಒಂದು ಬೆರಳು ನೀರು. ಅದರಲ್ಲೂ ಇದ್ದವು. ಕೀರ್ತಿಗೆ ಕಚ್ಚಿದ್ದು ಅವರ ಬೋಗುಣಿಯದೋ ನನ್ನ ತಟ್ಟೆಯದೋ, ನಾನು ಸಾಯುವವರೆಗೂ ನನಗೆ ತಿಳಿಯುವುದಿಲ್ಲ.

ಕೀರ್ತಿ ಆರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಇದೆ. ಬೆಳವಣಿಗೆ ಸಾಲದು, ವಾರ ವಾರ ಬಂದು ತೋರಿಸಿ ಎಂದಿದ್ದಾರೆ. ಹೆರಿಗೆಗೆ ಇನ್ನೂ ದಿನ ಇದೆ. ಆ ಮನೆಯಲ್ಲಿ ಈಗಲೂ ಯಾರೂ ಗಟ್ಟಿಯಾಗಿ ನಗುವುದಿಲ್ಲ.

ಅಮಾವಾಸ್ಯೆಯ ದಿನ ಸಿಂಚನಳಿಗೆ ಎಡೆ ಇಟ್ಟರು. ಅವಳಿಗೆ ಇಷ್ಟವಾದ ಕಜ್ಜಾಯ ಮಾಡಿದ್ದರು. ಬೆಳಿಗ್ಗೆ ಸರೋಜಮ್ಮ ಬೋಗುಣಿಗೆ ಹೊಸ ನೀರು ಹಾಕಿ, ತೊಳೆದ ಕಲ್ಲನ್ನು ಮಧ್ಯಕ್ಕಿಟ್ಟು ಬಂದಿದ್ದರು. ನಾವಿಬ್ಬರೂ ಟ್ಯಾಂಕಿನ ಮರೆಯಲ್ಲಿ ನಿಂತಿದ್ದೆವು. ತಲೆಯ ಮೇಲೆ ಜುಟ್ಟಿದ್ದ ಒಂದು ಪಿಕಳಾರ ಹಕ್ಕಿ ಬಂತು. ತಾರಸಿಯ ಅಂಚಿನ ಗೋಡೆಯ ಮೇಲೆ ಕೂತು ಅತ್ತ ಇತ್ತ ನೋಡಿತು. ಆಮೇಲೆ ಕಲ್ಲಿನ ಮೇಲೆ ಹಾರಿ ಕೂತು ಕೊಕ್ಕು ಎತ್ತಿ ಎತ್ತಿ ನೀರು ಕುಡಿಯಿತು.

"ಇದ್ನ ಅವಳು ನೋಡ್ಬೇಕಿತ್ತು" ಎಂದರು ಸರೋಜಮ್ಮ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನಾನು ನಮ್ಮ ತಾರಸಿಯಿಂದ ಕೂಗುತ್ತೇನೆ. "ಸರೋಜಕ್ಕ, ಚೆಲ್ಲಿ ಉಜ್ಜಿದ್ರಾ?" ಅವರು ಅಲ್ಲಿಂದ ಕೇಳುತ್ತಾರೆ. "ನಿನ್ ತಟ್ಟೆ ಬಗ್ಗಿಸ್ದ್ಯೇನೆ?"

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಕ್ಕಿಗೆ ನೀರಿಡುವುದನ್ನು ನಿಲ್ಲಿಸಬೇಡಿ. ಅದು ಒಳ್ಳೆಯ ಕೆಲಸ, ಒಂದು ಮಗು ನಮಗೆ ಕಲಿಸಿ ಹೋದದ್ದು. ಎರಡು ದಿನಕ್ಕೊಮ್ಮೆ ಆ ನೀರು ಬದಲಾಯಿಸಿ. ವಾರಕ್ಕೊಂದು ದಿನ ಪಾತ್ರೆಯನ್ನು ನಾರು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ. ಹಳೇ ನೀರನ್ನು ಒಣ ಮಣ್ಣಿಗೆ ಸುರಿಯಿರಿ. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಎಳನೀರು ಬುರುಡೆ, ಹಳೇ ಟೈರು, ಯಾವುದನ್ನೂ ಬಿಡಬೇಡಿ. ಕೆರೆಯ ಹಕ್ಕಿ ಹುಳಗಳನ್ನು ಅವುಗಳ ಪಾಡಿಗೆ ಬಿಡಿ, ಅವು ನಮ್ಮ ಕೆಲಸವನ್ನೇ ಮಾಡುತ್ತಿವೆ. ಜ್ವರ ಬಂದರೆ ಅಂಗಡಿಯಲ್ಲಿ ಮಾತ್ರೆ ಕೇಳಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಎದುರು ಮನೆಯ ತಾರಸಿಯ ಮೇಲೆ ನಿಂತ ನೀರು ಕಂಡರೆ, ಆ ಮನೆಯವರು ಎಂಥ ದುಃಖದಲ್ಲಿದ್ದರೂ ಸರಿ, ಅವತ್ತೇ ಹೇಳಿ. ಅವರು ಬೈದರೆ ಬೈಸಿಕೊಳ್ಳಿ, ಮಾತು ಬಿಟ್ಟರೆ ಬಿಡಲಿ. ಒಳ್ಳೆಯವಳಾಗಿ ಉಳಿಯಬೇಕೆಂದು ಹನ್ನೊಂದು ದಿನ ಸುಮ್ಮನಿದ್ದವಳು ಈ ಮಾತು ಹೇಳುತ್ತಿದ್ದೇನೆ.